ಓಗೊಡುವ ಹೆಸರು

ಡಂಡೀಯಲ್ಲಿ ನವೆಂಬರ್ ಅಂದರೆ ಮೂರೂವರೆಗೇ ಮುಚ್ಚಂಜೆ.
ಟೇ ನದಿಯ ಕಡೆಯ ಗಾಳಿ
ನಮ್ಮ ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತದೆ.
ಡ್ಯೂಟಿ ಮುಗಿಸಿ ಬಂದು ಹಜಾರದಲ್ಲಿ ನಿಂತೆ.
ದೀಪ ಹತ್ತಲಿಲ್ಲ.
ಕೈ ಬೀಸಿದೆ. ಕೋಟು ಒದರಿದೆ.
ಯಾರೂ ನೋಡುತ್ತಿಲ್ಲವೆಂದು ಒಂದು ಸುತ್ತು ಕುಣಿದೂ ಬಿಟ್ಟೆ.
ನಿಜವಾಗಿಯೂ ಯಾರೂ ನೋಡುತ್ತಿರಲಿಲ್ಲ.
ಬಾಗಿಲ ಮೇಲಿನ ಗುಂಡಿಯಷ್ಟು ಬಿಳಿ ಕಣ್ಣು
ಸತ್ತಿತ್ತು.
ಬಿಚ್ಚಿದರೆ ಒಳಗೆ ಸೆಲ್ಲು ಸೋರಿ
ಉಪ್ಪಿನಂಥ ಕಿಲುಬು.

ಹೊಸದಕ್ಕೆ ಹದಿನಾಲ್ಕು ಪೌಂಡು, ಅದೇನು ದೊಡ್ಡದಲ್ಲ.
ದೊಡ್ಡದು ಕಟ್ಟಳೆಗಳದ್ದು,
ಮೂರು ಚಳಿಗಾಲ ಕೂತು ಕಟ್ಟಿದ ಹದಿನೇಳು.
ರಾತ್ರಿ ಹತ್ತರ ಮೇಲೆ ಯಾರಾದರೂ ನಡೆದರೆ
ದೀಪ ಕಾಲಂಶ ಮಾತ್ರ, ರೂರಿ ಮಲಗಿರುತ್ತಾನೆ.
ನಲವತ್ತು ನಿಮಿಷ ಯಾರೂ ಸುಳಿಯದಿದ್ದರೆ ಹೀಟರು ಬಂದ್.
ಬೆಳಗಿನ ಐದರ ಮೇಲೆ ಮೊದಲ ಹೆಜ್ಜೆ ಬಿದ್ದರೆ ಕೆಟಲ್.
ನಡುರಾತ್ರಿ ಬಾಗಿಲು ತೆರೆದೂ ಹಜಾರದಲ್ಲಿ ಯಾರೂ ಕಾಣದಿದ್ದರೆ
ನನ್ನ ಫೋನು ಅರಚಬೇಕು.
ಇನ್ನು ಕೆಲವು ಯಾಕೆ ಬರೆದೆನೋ ನನಗೇ ನೆನಪಿಲ್ಲ,
ಮುಟ್ಟಲು ಭಯ.
ಎಲ್ಲವೂ ಕರೆಯುವುದು ಒಂದೇ ಹೆಸರು: ಹಜಾರದ ಕಣ್ಣು.

ಹೊಸದು ತನ್ನ ಹೆಸರು ತಾನೇ ಹೇಳಿಕೊಂಡು ಬಂತು,
ಅಂಕಿಯೂ ಅಕ್ಷರವೂ ಸೇರಿ ಹದಿನಾರು,
ಯಾರ ನಾಲಿಗೆಗೂ ಹೊರಳದ್ದು.
"ಎಲ್ಲ ಮತ್ತೆ ಬರೀಬೇಕಾ?" ಎಂದ ರೂರಿ, ಟೋಸ್ಟಿಗೆ ಬೆಣ್ಣೆ ಸವರುತ್ತ.
ಬೇಡ.
ಮೊದಲು ಹಳೆಯದರಿಂದ ಹೆಸರು ಕಿತ್ತುಕೊಳ್ಳಬೇಕು.
ಆಮೇಲೆ ಅದನ್ನೇ ಹೊಸದಕ್ಕೆ ಇಡಬೇಕು.
ಕ್ರಮ ತಪ್ಪಿದರೆ ಒಂದೇ ಹೆಸರಿಗೆ ಇಬ್ಬರು,
ಮನೆ ಒಪ್ಪುವುದಿಲ್ಲ.

ಬೆರಳು ಅಲ್ಲೇ ನಿಂತಿತು.

ನರಗುಂದದ ನಮ್ಮ ಮುತ್ತಜ್ಜಿ
ಎರಡನೇ ಸಂಬಂಧಕ್ಕೆ ಬಂದವಳು.
ಮೊದಲಿನಾಕೆ ಗಂಗವ್ವ ಬಾಣಂತನದಲ್ಲಿ ತೀರಿದ ಮೂರೇ ತಿಂಗಳಿಗೆ
ಇವಳ ಉಡಿ ತುಂಬಿ ಅದೇ ಹೆಸರು ಇಟ್ಟರು.
ಅನುಕೂಲ ನೋಡಿ,
ಅತ್ತೆಯ ಬಾಯಿ ಹೊಸದೊಂದು ಕಲಿಯಬೇಕಿಲ್ಲ,
ಅಂಗಡಿಯ ಉದ್ದರಿ ಪುಸ್ತಕದಲ್ಲಿ ಗೀಟು ಹೊಡೆಯಬೇಕಿಲ್ಲ.
ಕೋಳಿ ಕೂಗಿದರೆ ಒಲೆ.
ಮಾವ ಕೆಮ್ಮಿದರೆ ಬಿಸಿನೀರು.
ಕೂಸು ಅತ್ತರೆ, ತನ್ನದಲ್ಲದ ಕೂಸು, ಎದೆಗೆ.
"ಗಂಗವ್ವಾ" ಅಂದರೆ "ಬಂದೇರಿ".
ಒಂದು ದಿನವೂ ಮನೆ ತಡವರಿಸಲಿಲ್ಲವಂತೆ.
ಊರು ಹೊಗಳಿದ್ದು ಅದನ್ನೇ.

ಅವಳು ಹೋದ ಮೇಲೆ
ತವರಿಂದ ತಂದ ಹಿತ್ತಾಳೆ ತಂಬಿಗೆಯನ್ನು
ಹುಣಸೆಹಣ್ಣು ಹಾಕಿ ತಿಕ್ಕುವಾಗ ಅವ್ವನಿಗೆ ಸಿಕ್ಕಿತು,
ತಳದಲ್ಲಿ, ಚುಕ್ಕೆ ಚುಕ್ಕೆಯಾಗಿ ಕೊರೆದದ್ದು:
ನೀಲವ್ವ.
ಎಪ್ಪತ್ತು ವರ್ಷ ನೆಲವೊಂದೇ ಓದಿದ ಹೆಸರು.

ರೂರಿಗೆ ಇದನ್ನೆಲ್ಲ ಹೇಳಲಿಲ್ಲ.
ಪ್ಲಾಸ್ಟಿಕ್ಕು ಕಣೇ ಅನ್ನುತ್ತಾನೆ, ಸರಿಯಾಗಿಯೇ ಅನ್ನುತ್ತಾನೆ.
ಹೆಸರು ಇಟ್ಟೆ. ಒತ್ತಿದೆ.
ಬೆನ್ನಿನ ಹದಿನಾರು ಅಕ್ಷರ ಗೋಡೆಗೆ ಮುಖ ಮಾಡುವಂತೆ
ಅದೇ ಜಾಗದಲ್ಲಿ ಅಂಟಿಸಿದೆ.
ಹದಿನೇಳು ಕಟ್ಟಳೆಗಳಲ್ಲಿ ಒಂದೂ ತಿರುಗಿ ನೋಡಲಿಲ್ಲ.
ನಡೆದೆ, ದೀಪ ಬಂತು.
ಮನೆಗೆ ಗೊತ್ತೇ ಆಗಲಿಲ್ಲ.
ಹಳೆಯದು ಈಗ ಅಡುಗೆಮನೆಯ ಡ್ರಾಯರಿನಲ್ಲಿ,
ರಬ್ಬರ್ ಬ್ಯಾಂಡು, ಮುಗಿದ ಪೆನ್ನುಗಳ ನಡುವೆ,
ಹೆಸರಿಲ್ಲದೆ.

ನನಗೆ ಗೊತ್ತಾಯಿತು.
ಹಳೆಯದು ನಾನು ದಾಟಿದ ಕೂಡಲೇ ಕಣ್ಣು ಮುಚ್ಚುತ್ತಿತ್ತು.
ಇದು ಹಾಗಲ್ಲ.
ಕೋಣೆಗೆ ಹೋಗಿ, ಬೂಟು ಬಿಚ್ಚಿ,
ಹಾಸಿಗೆಯ ಅಂಚಿಗೆ ಕೂತ ಮೇಲೂ
ಹಜಾರದಲ್ಲಿ ಬೆಳಕು ಇನ್ನೂ ಅರ್ಧ ನಿಮಿಷ,
ನಾನು ಇನ್ನೂ ಅಲ್ಲೇ ಇದ್ದೇನೆಂಬ ಹಾಗೆ.
ಸರಿಪಡಿಸಬಹುದು, ಒಂದು ಅಂಕಿ ಬದಲಿಸಿದರೆ ಸಾಕು.
ಬಿಟ್ಟಿದ್ದೇನೆ.